ಪೋಸ್ಟ್‌ಗ್ರೆಸ್: ಒಂದು ತಿದ್ದುಪಡಿ ಒಳಗೆ ಸೇರುವ ಮೊದಲು ಎಷ್ಟು ಕಣ್ಣು ದಾಟಬೇಕು?

ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಸುವಾಗ, ಗಲ್ಫ್‌ನಿಂದ ಊರಿಗೆ ಹಣ ಕಳಿಸುವಾಗ, ಅಂಗಡಿಯಲ್ಲಿ ಬಿಲ್ ಹಾಕಿಸುವಾಗ ಕೊಟ್ಟ ವಿವರಗಳೆಲ್ಲ ಕೊನೆಗೆ ಹೋಗಿ ಕೂರುವುದು ಯಾವುದಾದರೊಂದು ಡೇಟಾಬೇಸ್‌ನಲ್ಲಿ. ಡೇಟಾಬೇಸ್ ಎಂದರೆ ಲೆಕ್ಕದ ಪುಸ್ತಕವೇ. ಆದರೆ ಒಂದೇ ಹೊತ್ತಿಗೆ ಸಾವಿರಾರು ಮಂದಿ ಬರೆಯುವ, ಓದುವ ಪುಸ್ತಕ. ಇಂತಹ ಪುಸ್ತಕ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪೋಸ್ಟ್‌ಗ್ರೆಸ್‌ಕ್ಯೂಎಲ್. ಆಡುಮಾತಿನಲ್ಲಿ ಬರೀ ಪೋಸ್ಟ್‌ಗ್ರೆಸ್. ಇದಕ್ಕೆ ಒಬ್ಬ ಮಾಲಕನಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ಯಾರು ಬೇಕಾದರೂ ತಿದ್ದಬಹುದು ಅಂದ್ರೆ, ಯಾರೋ ಒಬ್ಬರು ತಪ್ಪಾಗಿ ತಿದ್ದಿದರೆ ಆಸ್ಪತ್ರೆಯ ದಾಖಲೆ, ಬ್ಯಾಂಕಿನ ಲೆಕ್ಕ ಎಲ್ಲ ಏನಾಗಬೇಕು? ಉತ್ತರ ಸರಳ. ತನ್ನ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಯಾರೂ ತಿದ್ದಬಹುದು. ಮೂಲ ಪ್ರತಿಗೆ ಆ ತಿದ್ದುಪಡಿ ಸೇರಬೇಕಾದರೆ ಮಾತ್ರ ದಾರಿ ಬಹಳ ಉದ್ದ ಇದೆ. ಆ ದಾರಿಯ ಹೆಸರೇ ಕೋಡ್ ರಿವ್ಯೂ.

ಪೋಸ್ಟ್‌ಗ್ರೆಸ್‌ನ ಹುಟ್ಟು 1986ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ. ಪ್ರೊಫೆಸರ್ ಮೈಕೆಲ್ ಸ್ಟೋನ್‌ಬ್ರೇಕರ್ ಅದರ ಮುಂದಾಳು. ವಿಶ್ವವಿದ್ಯಾನಿಲಯ ಕೆಲಸ ನಿಲ್ಲಿಸಿದ ಮೇಲೆ ಅವರದೇ ವಿದ್ಯಾರ್ಥಿಗಳಾದ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಅದಕ್ಕೆ ಎಸ್‌ಕ್ಯೂಎಲ್ ಭಾಷೆ ಜೋಡಿಸಿದರು. 1996ರಲ್ಲಿ ಈಗಿನ ಹೆಸರು ಬಂತು. ಅಲ್ಲಿಂದ ಇಲ್ಲಿಯವರೆಗೆ ಅದನ್ನು ನಡೆಸಿಕೊಂಡು ಬಂದದ್ದು ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಂಪೆನಿಗಳ ಜನ. ಅವರಲ್ಲಿ ಎಷ್ಟೋ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ದೂ ಇಲ್ಲ.

ಬಟನ್ ಒತ್ತಿದರೆ ಆಗುವುದಿಲ್ಲ

ತಿದ್ದುಪಡಿಗೆ ಇವರ ಭಾಷೆಯಲ್ಲಿ ಪ್ಯಾಚ್ ಎಂದು ಹೆಸರು. ಬಟ್ಟೆಗೆ ತೇಪೆ ಹಾಕಿದ ಹಾಗೆ. ಅದೊಂದು ಸಾದಾ ಫೈಲ್. ಯಾವ ಸಾಲು ತೆಗೆದಿದೆ ಎಂಬುದಕ್ಕೆ ಮೈನಸ್ ಗುರುತು, ಯಾವ ಸಾಲು ಸೇರಿದೆ ಎಂಬುದಕ್ಕೆ ಪ್ಲಸ್ ಗುರುತು. ಇತರ ಅನೇಕ ಓಪನ್ ಸೋರ್ಸ್ ಯೋಜನೆಗಳಲ್ಲಿ ಗಿಟ್‌ಹಬ್‌ಗೆ ಹೋಗಿ ಒಂದು ಬಟನ್ ಒತ್ತಿದರೆ ತಿದ್ದುಪಡಿ ಸಲ್ಲಿಕೆಯಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗಲ್ಲ. ಗಿಟ್‌ಹಬ್‌ನಲ್ಲಿ ಕಾಣುವುದು ಓದಲಿಕ್ಕೆ ಇಟ್ಟ ನಕಲು ಮಾತ್ರ. ಪ್ಯಾಚನ್ನು ಇಂದಿಗೂ ಇಮೇಲ್‌ಗೆ ಲಗತ್ತಿಸಿ ‘ಹ್ಯಾಕರ್ಸ್’ ಎಂಬ ಬಳಗಕ್ಕೆ ಕಳಿಸಬೇಕು. (ಹ್ಯಾಕರ್ ಎಂದೊಡನೆ ಪಾಸ್‌ವರ್ಡ್ ಕದಿಯುವವರು ಎಂದುಕೊಳ್ಳಬೇಡಿ. ಕೋಡ್ ಬರೆಯುವವರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹಳೆಯ ಹೆಸರದು, ಕಳ್ಳರಿಗೆ ಹೋದದ್ದು ಆಮೇಲೆ.) ಇದು ಹಳೆ ಕಾಲದ ಪದ್ಧತಿ ಎಂದು ಹೊಸಬರು ಗೊಣಗುವುದುಂಟು, ಅದರಲ್ಲಿ ಸತ್ಯವೂ ಇದೆ. ಆದರೆ ಒಂದು ಲಾಭ: ಯಾವ ಸಾಲು ಯಾಕೆ ಹಾಗಿದೆ ಎಂಬ ಇಪ್ಪತ್ತು ವರ್ಷ ಹಿಂದಿನ ವಾದವನ್ನೂ ಇವತ್ತು ಹುಡುಕಿ ಓದಬಹುದು.

ಮೊದಲ ಸಲ ಕಳಿಸಿದ ಪ್ಯಾಚ್ ಹಾಗೆಯೇ ಸೇರುವುದು ಅಪರೂಪ. ತಿದ್ದಿ ಕಳಿಸಿದ ಪ್ರತಿಗೆ ವಿ2, ಆಮೇಲೆ ವಿ3 ಎಂದು ನಂಬರು ಬೀಳುತ್ತದೆ. ದೊಡ್ಡ ಪ್ಯಾಚ್‌ಗಳ ನಂಬರು ಮೂವತ್ತು, ನಲವತ್ತು ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ.

ಹೀಗೆ ಬಂದ ಪ್ಯಾಚ್‌ಗಳು ಇಮೇಲ್‌ಗಳ ರಾಶಿಯಲ್ಲಿ ಕಳೆದುಹೋಗುತ್ತಿದ್ದವು. ಅದಕ್ಕೆ 2008ರಲ್ಲಿ ‘ಕಮಿಟ್‌ಫೆಸ್ಟ್’ ಎಂಬ ಕ್ರಮ ಶುರುವಾಯಿತು. ಜುಲೈ, ಸೆಪ್ಟಂಬರ್, ನವೆಂಬರ್, ಜನವರಿ, ಮಾರ್ಚ್ ಹೀಗೆ ವರ್ಷಕ್ಕೆ ಐದು ಸಲ, ತಿಂಗಳಿಡೀ ಹೊಸ ಕೋಡ್ ಬರೆಯುವುದನ್ನು ಆದಷ್ಟು ಬದಿಗಿಟ್ಟು ಬೇರೆಯವರು ಬರೆದದ್ದನ್ನು ಓದುವ ಕೆಲಸ. ಪಟ್ಟಿಯಲ್ಲಿ ಪ್ರತಿ ಪ್ಯಾಚ್‌ನ ಎದುರು ಅದರ ಸ್ಥಿತಿ ಇರುತ್ತದೆ: ಪರಿಶೀಲನೆ ಬೇಕು, ಬರೆದವರ ಉತ್ತರಕ್ಕೆ ಕಾಯುತ್ತಿದೆ, ಕಮಿಟರ್‌ಗೆ ಸಿದ್ಧ, ಸಲಹೆ ಕೊಟ್ಟು ಮರಳಿಸಲಾಗಿದೆ. ಕಮಿಟರ್ ಎಂದರೆ ಮೂಲ ಪ್ರತಿಗೆ ಕೈ ಹಾಕುವ ಅಧಿಕಾರ ಇರುವವರು. ಇಡೀ ಜಗತ್ತಿನಲ್ಲಿ ಅಂಥವರು ಸುಮಾರು 30 ಮಂದಿ ಮಾತ್ರ. ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳ ಕೋಡ್‌ಗೆ ಮೂವತ್ತು ಜೊತೆ ಕೈ! ಹಾಗಾಗಿ ಒಂದು ನಿಯಮ ಇದೆ. ನೀವು ಒಂದು ಪ್ಯಾಚ್ ಕಳಿಸಿದರೆ, ಅಷ್ಟೇ ಕಷ್ಟದ ಇನ್ನೊಬ್ಬರ ಪ್ಯಾಚ್ ಒಂದನ್ನು ನೀವೂ ಓದಿ ಕೊಡಬೇಕು. ನಿಯಮ ಇದ್ದರೂ ಬರೆಯುವವರು ಹೆಚ್ಚು, ಓದುವವರು ಕಡಿಮೆ. ಒಳ್ಳೆಯ ಪ್ಯಾಚ್‌ಗಳೂ ಒಂದು ಕಮಿಟ್‌ಫೆಸ್ಟ್‌ನಿಂದ ಇನ್ನೊಂದಕ್ಕೆ ಸರಿಯುತ್ತಾ ವರ್ಷಗಟ್ಟಲೆ ಕಾಯುವುದಕ್ಕೆ ಇದೇ ಕಾರಣ.

ಓದುವವರು ಏನು ನೋಡುತ್ತಾರೆ?

ಮೊದಲ ಹೆಜ್ಜೆ ಸಪ್ಪೆಯಾದದ್ದು. ಪ್ಯಾಚ್ ಇವತ್ತಿನ ಕೋಡ್ ಮೇಲೆ ಕೂರುತ್ತದಾ? ಬರೆದು ಎರಡು ತಿಂಗಳಾಗಿದ್ದರೆ ಅಷ್ಟರಲ್ಲಿ ಬೇರೆಯವರು ಅದೇ ಸಾಲುಗಳನ್ನು ಬದಲಿಸಿರುತ್ತಾರೆ. ಆಗ ಬರೆದವರು ಹೊಸ ಕೋಡ್‌ಗೆ ಹೊಂದಿಸಿ ಮತ್ತೆ ಕಳಿಸಬೇಕು, ಇದಕ್ಕೆ ರೀಬೇಸ್ ಎನ್ನುತ್ತಾರೆ. ಈಗ ಇದನ್ನು ‘ಸಿಎಫ್‌ಬಾಟ್’ ಎಂಬ ಯಂತ್ರವೇ ನೋಡಿಕೊಳ್ಳುತ್ತದೆ. ಪ್ಯಾಚ್ ಕೂರುತ್ತದೆಯೋ, ಕಂಪೈಲ್ ಆಗುತ್ತದೆಯೋ, ಪರೀಕ್ಷೆಗಳಲ್ಲಿ ಪಾಸಾಗುತ್ತದೆಯೋ ಎಂದು ನೋಡಿ ಹಸಿರು ಇಲ್ಲವೇ ಕೆಂಪು ಗುರುತು ಹಾಕುತ್ತದೆ.

ಪರೀಕ್ಷೆ ನಡೆಯುವ ರೀತಿ ಅರ್ಥವಾಗುವಂಥದ್ದೇ. ಒಂದು ಕಡೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳ ಫೈಲ್, ಇನ್ನೊಂದು ಕಡೆ ಬರಬೇಕಾದ ಉತ್ತರಗಳ ಫೈಲ್. ಪ್ರಶ್ನೆಗಳನ್ನು ಓಡಿಸಿ ಬಂದ ಉತ್ತರವನ್ನು ಸಾಲುಸಾಲಾಗಿ ಹೋಲಿಸುತ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಫೇಲ್. ಹೊಸ ಸೌಲಭ್ಯ ಸೇರಿಸುವವರು ಅದಕ್ಕೆ ತಕ್ಕ ಪ್ರಶ್ನೋತ್ತರವನ್ನೂ ಸೇರಿಸಿರಬೇಕು, ಬಳಸುವವರಿಗಾಗಿ ವಿವರಣೆಯ ಪುಟವನ್ನೂ ಬರೆದಿರಬೇಕು. ವಿವರಣೆ ಇಲ್ಲದ ಪ್ಯಾಚ್ ಅರ್ಧ ಪ್ಯಾಚ್.

ಇಷ್ಟನ್ನು ಯಂತ್ರವೂ ನೋಡೀತು. ಮನುಷ್ಯರ ಕೆಲಸ ಇರುವುದು ಇದರಾಚೆ. ಈ ಸಾಲು ಓಡುತ್ತಿರುವಾಗಲೇ ಕರೆಂಟ್ ಹೋದರೆ? ಇಬ್ಬರು ಒಂದೇ ಸಾಲನ್ನು ಒಂದೇ ಕ್ಷಣದಲ್ಲಿ ಬದಲಿಸಿದರೆ? ಎರಡು ಬೀಗಗಳನ್ನು ಒಬ್ಬರು ಒಂದು ಕ್ರಮದಲ್ಲಿ, ಇನ್ನೊಬ್ಬರು ತಿರುಗಾಮುರುಗಾ ಹಿಡಿದು ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತರೆ? ಟೇಬಲ್ ಖಾಲಿ ಇದ್ದಾಗ, ನೂರು ಕೋಟಿ ಸಾಲು ಇದ್ದಾಗ ಎರಡರಲ್ಲೂ ಇದು ನಡೆಯುತ್ತದಾ? ಬ್ಯಾಕಪ್ ತೆಗೆದು ಬೇರೆ ಕಡೆ ಹಾಕಿದಾಗ ಈ ಹೊಸ ಸೌಲಭ್ಯವೂ ಜೊತೆಗೆ ಹೋಗುತ್ತದಾ? ಕೊನೆಯದನ್ನು ಮರೆಯುವವರು ಬಹಳ. ಇನ್ನೂ ಮೂಲದ ಪ್ರಶ್ನೆ ಒಂದಿದೆ, ಅದನ್ನು ಕೇಳಲು ಧೈರ್ಯ ಬೇಕು: ಇದು ನಿಜಕ್ಕೂ ಬೇಕಾ?

ಇದೆಲ್ಲ ಆಗಿ ಕಮಿಟ್ ಆದ ಮೇಲೂ ಕೋಡ್ ಬಿಡುಗಡೆಗೊಳ್ಳುವುದಿಲ್ಲ. ‘ಬಿಲ್ಡ್‌ಫಾರ್ಮ್’ ಎಂಬ ವ್ಯವಸ್ಥೆ ಇದೆ. ಸ್ವಯಂಸೇವಕರು ತಮ್ಮ ಕಂಪ್ಯೂಟರ್‌ಗಳನ್ನು ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ಹಳೆಯದು, ಹೊಸದು, ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ, ಬೇರೆ ಬೇರೆ ಪ್ರೊಸೆಸರ್. ಹೊಸ ಕಮಿಟ್ ಬಿದ್ದ ಕೂಡಲೇ ಇವು ಪರೀಕ್ಷೆ ಶುರು ಮಾಡುತ್ತವೆ. ಫಾರ್ಮ್ ಅಲ್ಲವೇ, ಹಾಗಾಗಿ ಪ್ರತಿ ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರು. ‘ಸ್ಕಿಂಕ್’ ಅಂದರೆ ಹಾವುರಾಣಿ. ಮೆಮೊರಿಯ ತಪ್ಪು ಹುಡುಕುವ ನಿಧಾನದ ಪರೀಕ್ಷೆ ಅದರ ಪಾಲಿನದು. ಒಂದು ಪ್ರಾಣಿ ಕೆಂಪಾದರೆ ಕಮಿಟ್ ಮಾಡಿದವರು ಊಟ ಬಿಟ್ಟಾದರೂ ಬಂದು ಸರಿಮಾಡಬೇಕು, ಇಲ್ಲವೇ ಹಿಂತೆಗೆಯಬೇಕು.

ಹಿಂತೆಗೆದ ಮರ್ಜ್

ಹಿಂತೆಗೆಯುವುದು ಇಲ್ಲಿ ಅವಮಾನವಲ್ಲ ಎಂದು ಹೇಳುವುದು ಸುಲಭ. ಆದರೆ ವರ್ಷಗಳ ಕೆಲಸ ಹಿಂದೆ ಹೋದಾಗ ಯಾರಿಗೂ ಬೇಸರ ಆಗದೇ ಇರದು. ಪ್ರಸಿದ್ಧ ಉದಾಹರಣೆ ‘ಮರ್ಜ್’ ಆದೇಶದ್ದು. ದಾಖಲೆ ಮೊದಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಹೊಸದಾಗಿ ಸೇರಿಸು ಎಂದು ಒಂದೇ ಮಾತಿನಲ್ಲಿ ಹೇಳುವ ಆದೇಶ ಇದು. ಎಸ್‌ಕ್ಯೂಎಲ್ ಮಾನದಂಡದಲ್ಲಿದೆ, ಬೇರೆ ಡೇಟಾಬೇಸ್‌ಗಳಲ್ಲಿ ಆಗಲೇ ಇತ್ತು. ಭಾರತದವರೇ ಆದ ಪವನ್ ದೇವಲಸಿ ಮತ್ತು ಇಂಗ್ಲೆಂಡಿನ ಸೈಮನ್ ರಿಗ್ಸ್ ಇದರ ಹಿಂದೆ ಬಹಳ ದುಡಿದರು. 2018ರ ಎಪ್ರಿಲ್ ಆರಂಭದಲ್ಲಿ, ಆ ವರ್ಷದ ಗಡುವು ಮುಗಿಯುವ ಹೊತ್ತಿಗೆ ಅದು ಕಮಿಟ್ ಆಯಿತು.

ಕಮಿಟ್ ಆದ ಮೇಲೆ ಹಿರಿಯರು ಕೂತು ಓದಿದರು. ಆದೇಶವನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ, ಯೋಜನೆ ಹಾಕುವ ಭಾಗ, ನಡೆಸುವ ಭಾಗ ಇವುಗಳ ನಡುವೆ ಕೆಲಸದ ಹಂಚಿಕೆ ಸರಿಯಿಲ್ಲ ಎಂಬ ಆಕ್ಷೇಪ ಬಂತು. ಉತ್ತರ ತಪ್ಪು ಬರುತ್ತದೆ ಎನ್ನುವುದಕ್ಕಿಂತ, ಕಟ್ಟಿದ ರೀತಿಯೇ ಮುಂದೆ ತೊಂದರೆ ಕೊಡುತ್ತದೆ ಎಂಬುದು ವಾದ. ಗಡುವಿನ ಅವಸರದಲ್ಲಿ ಅಷ್ಟು ದೊಡ್ಡ ತಿದ್ದುಪಡಿ ಸಾಧ್ಯವಿರಲಿಲ್ಲ. ಎಪ್ರಿಲ್ ತಿಂಗಳಲ್ಲೇ, ಕಮಿಟ್ ಮಾಡಿದ ರಿಗ್ಸ್ ಅವರೇ ಅದನ್ನು ಹಿಂತೆಗೆದರು. ಆಮೇಲೆ ಆಲ್ವಾರೊ ಹೆರೆರಾ ಅದನ್ನು ಕೈಗೆತ್ತಿಕೊಂಡು ಮತ್ತೆ ಹೊಂದಿಸಿದರು. 2022ರ ಮಾರ್ಚ್‌ನಲ್ಲಿ ಮತ್ತೆ ಕಮಿಟ್, ಅದೇ ವರ್ಷದ ಅಕ್ಟೋಬರ್‌ನಲ್ಲಿ 15ನೇ ಆವೃತ್ತಿಯಲ್ಲಿ ಬಿಡುಗಡೆ. ನಾಲ್ಕು ವರ್ಷ ತಡವಾಯಿತು. ಆದರೆ ಬಂದ ಮೇಲೆ ಅದರ ಮೇಲೆಯೇ ಮುಂದಿನ ಆವೃತ್ತಿಗಳಲ್ಲಿ ಹೊಸ ಸೌಲಭ್ಯ ಕಟ್ಟಲು ಆಯಿತು.

ಅದೇ 2022ರಲ್ಲಿ ಜೆಸಾನ್ ಸಂಬಂಧದ ದೊಡ್ಡ ಪ್ಯಾಚ್‌ಗಳ ಗುಂಪೊಂದನ್ನು ಬಿಡುಗಡೆಗೆ ಕೆಲವೇ ವಾರ ಇರುವಾಗ ತೆಗೆದುಹಾಕಿದರು. ಅದರ ಭಾಗಗಳು 16 ಮತ್ತು 17ನೇ ಆವೃತ್ತಿಗಳಲ್ಲಿ ಬಂದವು.

ಇದ್ದೂ ಸಿಗದ ಹೆಸರು

ಎಲ್ಲ ಕಣ್ಣು ತಪ್ಪಿಸಿ ತಪ್ಪು ಹೊರಗೆ ಹೋದದ್ದೂ ಇದೆ. 2021ರ ಸೆಪ್ಟಂಬರ್‌ನಲ್ಲಿ ಬಂದ 14ನೇ ಆವೃತ್ತಿಯ ಕತೆ ಅದಕ್ಕೆ ಸಾಕ್ಷಿ.

ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯ ಪದಸೂಚಿ ಇದ್ದಂತೆ. ಹೆಸರು ಹುಡುಕಲು ಇಡೀ ಪುಸ್ತಕ ತಿರುವದೆ ಸೂಚಿ ನೋಡಿ ನೇರ ಆ ಪುಟಕ್ಕೆ ಹೋಗುವುದು. ಜನ ಪುಸ್ತಕದಲ್ಲಿ ಬರೆಯುತ್ತಿರುವಾಗಲೇ, ಅವರನ್ನು ನಿಲ್ಲಿಸದೆ ಸೂಚಿ ತಯಾರಿಸುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. ಇನ್ನೊಂದು ಕಡೆ ‘ವ್ಯಾಕ್ಯೂಮ್’ ಎಂಬ ಗುಡಿಸುವ ಕೆಲಸ ನಡೆಯುತ್ತಿರುತ್ತದೆ. ಯಾರಿಗೂ ಬೇಡವಾದ ಹಳೆಯ ಸಾಲುಗಳನ್ನು ಅದು ತೆಗೆಯುತ್ತದೆ. ದೊಡ್ಡ ಸೂಚಿ ತಯಾರಾಗುವಾಗ ಗಂಟೆಗಟ್ಟಲೆ ಗುಡಿಸುವ ಕೆಲಸ ನಿಲ್ಲುತ್ತದೆ ಎಂಬ ತೊಂದರೆ ಇತ್ತು. ಸೂಚಿ ತಯಾರಿಸುವವರಿಗಾಗಿ ವ್ಯಾಕ್ಯೂಮ್ ಕಾಯಬೇಕಿಲ್ಲ ಎಂದು 14ರಲ್ಲಿ ಬದಲಿಸಿದರು. ಕಾಗದದ ಮೇಲೆ ಒಳ್ಳೆಯ ಸುಧಾರಣೆಯೇ.

ಆದರೆ ಸೂಚಿ ತಯಾರಿಸುತ್ತಿರುವಾಗ ಅದಕ್ಕೆ ಇನ್ನೂ ಬೇಕಾಗಿದ್ದ ಸಾಲುಗಳನ್ನೂ ಗುಡಿಸಿಬಿಡುವ ಸಂದರ್ಭ ಒಂದಿತ್ತು. ಆಗ ಕೆಲವು ಹೆಸರು ಸೂಚಿಗೆ ಸೇರುವುದೇ ಇಲ್ಲ. ಯಾವ ಎಚ್ಚರಿಕೆಯೂ ಇಲ್ಲ, ಯಾವ ಎರರ್ ಕೂಡ ಇಲ್ಲ. ರೋಗಿಯ ದಾಖಲೆ ಪುಸ್ತಕದಲ್ಲಿದೆ, ಹುಡುಕಿದರೆ ‘ಇಲ್ಲ’ ಎಂಬ ಉತ್ತರ. ನಿಂತುಹೋದ ಡೇಟಾಬೇಸ್ ಎಲ್ಲರಿಗೂ ಕಾಣುತ್ತದೆ, ಫೋನ್ ಬರುತ್ತದೆ, ರಾತ್ರಿಯೇ ಸರಿಮಾಡುತ್ತಾರೆ. ಸುಳ್ಳು ಹೇಳುವ ಡೇಟಾಬೇಸ್ ಯಾರಿಗೂ ಕಾಣುವುದಿಲ್ಲ. ಈ ಕೆಲಸದಲ್ಲಿ ಜನ ನಿಜವಾಗಿ ಹೆದರುವುದು ಇದಕ್ಕೇ.

ತಪ್ಪು ಗೊತ್ತಾದ ಮೇಲೆ ಸೂಕ್ಷ್ಮವಾಗಿ ರಿಪೇರಿ ಮಾಡುವ ಗೋಜಿಗೆ ಹೋಗಲಿಲ್ಲ, ಆ ಸುಧಾರಣೆಯನ್ನೇ ಕಿತ್ತುಹಾಕಿದರು. ಪೋಸ್ಟ್‌ಗ್ರೆಸ್‌ನ ಸಣ್ಣ ಬಿಡುಗಡೆಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳಲ್ಲಿ ನಿಗದಿ. ಅದಕ್ಕೆ ಕಾಯದೆ 2022ರ ಜೂನ್ 16ರಂದು 14.4 ಬಂತು. ಆದರೆ ಅದನ್ನು ಹಾಕಿಕೊಂಡರೆ ಮಾತ್ರ ಸಾಲದು. ಹಳೆಯ ತಪ್ಪು ಸೂಚಿಗಳು ಹಾಗೆಯೇ ಉಳಿದಿರುತ್ತವೆ. ಅವನ್ನು ಹೊಸದಾಗಿ ಕಟ್ಟಬೇಕು.

ಡಿಸ್ಕ್ ಹೇಳಿದ ಸುಳ್ಳು

ಇನ್ನೊಂದು ತಪ್ಪು ಹೊಸ ಪ್ಯಾಚ್‌ನಿಂದ ಬಂದದ್ದಲ್ಲ. ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. ಬರೆದದ್ದು ನಿಜಕ್ಕೂ ಡಿಸ್ಕ್‌ಗೆ ಮುಟ್ಟಿತೇ ಎಂದು ಖಚಿತಪಡಿಸಲು ಡೇಟಾಬೇಸ್ ಆಪರೇಟಿಂಗ್ ಸಿಸ್ಟಂಗೆ ‘ಎಫ್‌ಸಿಂಕ್’ ಎಂಬ ಕರೆ ಕಳಿಸುತ್ತದೆ. ಅದು ವಿಫಲವಾದರೆ ಪೋಸ್ಟ್‌ಗ್ರೆಸ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿತ್ತು. ಎರಡನೇ ಸಲ ‘ಆಯಿತು’ ಎಂಬ ಉತ್ತರ ಬಂದರೆ ನಂಬುತ್ತಿತ್ತು. ಯಾರಾದರೂ ಹಾಗೆಯೇ ಮಾಡುತ್ತಿದ್ದರು.

2018ರಲ್ಲಿ ಕ್ರೇಗ್ ರಿಂಗರ್ ಎಂಬವರು ಎತ್ತಿ ತೋರಿಸಿದ ವಿಷಯ ಬೇರೆಯೇ ಇತ್ತು. ಲಿನಕ್ಸ್‌ನಲ್ಲಿ ಬರೆಯುವುದು ವಿಫಲವಾದಾಗ, ಆ ಪುಟವನ್ನು ‘ಬರೆದಾಗಿದೆ’ ಎಂದು ಗುರುತು ಹಾಕಿಬಿಡುವ ಸಂದರ್ಭ ಇದೆ. ಹಾಗಾಗಿ ಎರಡನೇ ಸಲ ಕೇಳಿದಾಗ ಬರೆಯಲು ಬಾಕಿ ಏನೂ ಇಲ್ಲ, ಎಲ್ಲ ಸರಿ ಎಂಬ ಉತ್ತರ. ಅದನ್ನು ನಂಬಿ ಪೋಸ್ಟ್‌ಗ್ರೆಸ್ ತನ್ನ ಬಳಿ ಇದ್ದ ದಿನಚರಿಯ ಹಳೆಯ ಭಾಗವನ್ನು ಬಿಟ್ಟುಬಿಟ್ಟರೆ ಮಾಹಿತಿ ಎರಡೂ ಕಡೆ ಇಲ್ಲ.

ಪರಿಹಾರ ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಮತ್ತೆ ಕೇಳುವುದು ಬೇಡ, ಡೇಟಾಬೇಸ್ ತನ್ನನ್ನು ತಾನೇ ಕೆಡವಿಕೊಳ್ಳಲಿ. ಎದ್ದ ಮೇಲೆ ದಿನಚರಿ ಓದಿ ಎಲ್ಲವನ್ನೂ ಮತ್ತೆ ಬರೆಯಲಿ. 2019ರ ಫೆಬ್ರವರಿಯಲ್ಲಿ ಆಗ ಚಾಲ್ತಿಯಲ್ಲಿದ್ದ ಎಲ್ಲ ಆವೃತ್ತಿಗಳಿಗೂ ಈ ತಿದ್ದುಪಡಿ ಹೋಯಿತು. ಸಾವಿರಾರು ಸಲ ಓದಿದ ಕೋಡ್ ಅದು. ಎಲ್ಲರೂ ಪೋಸ್ಟ್‌ಗ್ರೆಸ್‌ನ ಸಾಲುಗಳನ್ನು ಓದಿದ್ದರು, ಕೆಳಗಿದ್ದ ಲಿನಕ್ಸ್ ಏನು ಹೇಳುತ್ತದೆ ಎಂಬುದನ್ನು ಊಹಿಸಿಕೊಂಡಿದ್ದರು.

ಸರಿಮಾಡಲು ಹೋಗಿ ಕೆಟ್ಟದ್ದು

ಒಂದು ದೊಡ್ಡ ಆವೃತ್ತಿಗೆ ಐದು ವರ್ಷ ಬೆಂಬಲ. ಅಂದರೆ ಒಂದು ತಪ್ಪು ಸಿಕ್ಕಿದರೆ ಹೊಸ ಕೋಡ್‌ನ ಜೊತೆಗೆ ಹಳೆಯ ಐದು ಆವೃತ್ತಿಗಳಲ್ಲೂ ಅದನ್ನು ಸರಿಮಾಡಬೇಕಾಗಿ ಬರಬಹುದು. ಇದಕ್ಕೆ ಬ್ಯಾಕ್‌ಪ್ಯಾಚ್ ಎನ್ನುತ್ತಾರೆ. ಹಳೆಯ ಆವೃತ್ತಿಗಳ ಮೇಲೆ ಕೈ ಹಾಕುವಾಗ ರಿವ್ಯೂ ಮಾಡುವವರು ಎರಡು ಪಟ್ಟು ಜಾಗ್ರತೆ, ಯಾಕೆಂದರೆ ಅಲ್ಲಿ ಜನರ ನಿಜವಾದ ಕೆಲಸ ನಡೆಯುತ್ತಿದೆ.

2024ರ ನವೆಂಬರ್ 14ರ ಬಿಡುಗಡೆಯಲ್ಲಿ ಒಂದು ತಪ್ಪು ಸರಿಮಾಡಲು ಒಳಗಿನ ಒಂದು ರಚನೆಗೆ ಪುಟ್ಟ ಅಂಕಣವೊಂದನ್ನು ಸೇರಿಸಿದರು. ಕೊನೆಯಲ್ಲಿ ಸೇರಿಸಿದರೆ ಹಿಂದಿನ ಅಂಕಣಗಳ ಜಾಗ ಕದಲುವುದಿಲ್ಲ, ತೊಂದರೆ ಇಲ್ಲ ಎಂಬುದು ಲೆಕ್ಕ. ಆದರೆ ರಚನೆಯ ಒಟ್ಟು ಅಳತೆ ಹೆಚ್ಚಾಯಿತು. ಹಳೆಯ ಅಳತೆ ನಂಬಿ ತಯಾರಾಗಿದ್ದ ಟೈಮ್‌ಸ್ಕೇಲ್‌ಡಿಬಿಯಂತಹ ಹೊರಗಿನ ಎಕ್ಸ್‌ಟೆನ್ಶನ್‌ಗಳಿಗೆ ಅದು ಹೊಂದಲಿಲ್ಲ. ಒಂದೇ ವಾರದಲ್ಲಿ, ನವೆಂಬರ್ 21ಕ್ಕೆ ಮತ್ತೊಂದು ಬಿಡುಗಡೆ ಮಾಡಿ ಅಳತೆಯನ್ನು ಮೊದಲಿನಂತೆ ಮಾಡಬೇಕಾಯಿತು.

2025ರ ಫೆಬ್ರವರಿಯಲ್ಲಿ ಮತ್ತೆ ಅದೇ ರೀತಿ. ಈ ಸಲ ಭದ್ರತೆಯ ತಪ್ಪು. ಭದ್ರತೆಯ ಪ್ಯಾಚ್‌ಗಳನ್ನು ಬಹಿರಂಗವಾಗಿ ಚರ್ಚಿಸುವಂತಿಲ್ಲ, ಚರ್ಚಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಕೆಲವೇ ಮಂದಿ ಗುಟ್ಟಾಗಿ ಓದಿ ಬಿಡುಗಡೆಯ ಹೊತ್ತಿಗೆ ಸೇರಿಸುತ್ತಾರೆ. 13ರಂದು ಬಂದ ತಿದ್ದುಪಡಿಯಲ್ಲಿ, ಇಷ್ಟೇ ಉದ್ದ ಓದು ಎಂದು ಕೊಟ್ಟ ಅಳತೆಯನ್ನು ಎರಡು ಫಂಕ್ಷನ್‌ಗಳು ಲೆಕ್ಕಿಸದೆ ಮುಂದಕ್ಕೆ ಓದುತ್ತಿದ್ದವು. 20ರಂದು ಅದಕ್ಕೆ ತಿದ್ದುಪಡಿ ಬಂತು. ಕಣ್ಣು ಕಡಿಮೆಯಾದಲ್ಲಿ ತಪ್ಪು ನುಸುಳುವುದು ಹೆಚ್ಚು ಎಂದರೆ ಯಾರನ್ನೂ ದೂರಿದಂತಲ್ಲ.

ಕನ್ನಡ, ಮಲಯಾಳ ಹೆಸರುಗಳ ಕ್ರಮ

ಎರಡು ಮೂರು ಲಿಪಿಗಳಲ್ಲಿ ಹೆಸರು ಬರೆಯುವ ಕಾಸರಗೋಡಿನಂತಹ ಕಡೆಯವರಿಗೆ ತಟ್ಟುವ ವಿಷಯ ಒಂದಿದೆ. ಕನ್ನಡ, ಮಲಯಾಳ, ಇಂಗ್ಲಿಷ್ ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂದು ಪೋಸ್ಟ್‌ಗ್ರೆಸ್ ಬಹುಕಾಲ ಆಪರೇಟಿಂಗ್ ಸಿಸ್ಟಂನ ಗ್ರಂಥಾಲಯವನ್ನೇ ಕೇಳುತ್ತಿತ್ತು. ಸೂಚಿ ಕಟ್ಟುವುದು ಆ ಕ್ರಮದ ಮೇಲೆಯೇ. 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ 2.28ನೇ ಆವೃತ್ತಿ ಜೋಡಣೆಯ ಕ್ರಮವನ್ನೇ ದೊಡ್ಡ ಮಟ್ಟದಲ್ಲಿ ಬದಲಿಸಿತು. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದವರ ಡೇಟಾಬೇಸ್‌ನಲ್ಲಿ ಸೂಚಿ ಹಳೆಯ ಕ್ರಮದಲ್ಲಿ, ಹುಡುಕಾಟ ಹೊಸ ಕ್ರಮದಲ್ಲಿ. ಮತ್ತೆ ಅದೇ ಇದ್ದೂ ಸಿಗದ ಹೆಸರು. ಪೋಸ್ಟ್‌ಗ್ರೆಸ್‌ನ ಒಂದು ಸಾಲೂ ಬದಲಾಗಿರಲಿಲ್ಲ. ಈ ಅವಲಂಬನೆ ತಗ್ಗಿಸುವ ಪ್ಯಾಚ್‌ಗಳು ವರ್ಷಗಟ್ಟಲೆ ಬಂದವು, 17ನೇ ಆವೃತ್ತಿಯಲ್ಲಿ ಪೋಸ್ಟ್‌ಗ್ರೆಸ್‌ನದೇ ಆದ ಜೋಡಣೆಯ ವ್ಯವಸ್ಥೆಯೂ ಸೇರಿತು. ಆದರೆ ಅದು ಅಕ್ಷರಗಳ ಸಂಕೇತ ಸಂಖ್ಯೆಯ ಕ್ರಮ. ನಿಘಂಟಿನ ಕ್ರಮ ಬೇಕಿದ್ದರೆ ಇಂದಿಗೂ ಐಸಿಯು ಎಂಬ ಹೊರಗಿನ ಗ್ರಂಥಾಲಯವನ್ನೋ ಆಪರೇಟಿಂಗ್ ಸಿಸ್ಟಂನದನ್ನೋ ನೆಚ್ಚಬೇಕು.

ಅರ್ಧ ಸೆಕೆಂಡಿನ ಸಂಶಯ

ಇದೇ ಬಳಗದ ಕಮಿಟರ್ ಆಂಡ್ರೆಸ್ ಫ್ರಾಯಿಂಡ್ ಅವರ ಹೆಸರು 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಗೊತ್ತಿಲ್ಲದವರಿಗೂ ಗೊತ್ತಾಯಿತು. ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಕೆಲಸದಲ್ಲಿದ್ದಾಗ ಅವರ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಬೇರೆಯವರು ನೆಟ್ ಸ್ಲೋ ಎಂದು ಬಿಡುತ್ತಿದ್ದರು. ಅವರು ಬೆನ್ನುಹತ್ತಿದರು. ಕೊನೆಗೆ ‘ಎಕ್ಸ್‌ಝಡ್’ ಎಂಬ, ಫೈಲ್ ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್‌ನೊಳಗೆ ಯಾರೋ ಬೇಕೆಂದೇ ಹುದುಗಿಸಿದ್ದ ಕಳ್ಳದಾರಿ ಸಿಕ್ಕಿತು. ಮಾರ್ಚ್ 29ರಂದು ಅವರು ಬಹಿರಂಗಪಡಿಸಿದರು. ಎಕ್ಸ್‌ಝಡ್‌ನಲ್ಲಿ ಕೋಡ್ ಓದುವವರು ಬೆರಳೆಣಿಕೆಯಷ್ಟೂ ಇರಲಿಲ್ಲ. ನಡೆಸುತ್ತಿದ್ದವರು ಬಹುಪಾಲು ಒಬ್ಬರೇ, ಅವರೂ ದಣಿದಿದ್ದರು. ಸಹಾಯಕ್ಕೆ ಬಂದವನೇ ಅಲ್ಲಿ ಮೋಸ ಮಾಡಿದ್ದು.

ಪೋಸ್ಟ್‌ಗ್ರೆಸ್‌ನ ಅನೇಕ ಕಮಿಟ್‌ಗಳ ಕೆಳಗೆ ಬರೆದವರ ಹೆಸರಿನ ಜೊತೆ ‘ಪರಿಶೀಲಿಸಿದವರು’ ಎಂಬ ಸಾಲೂ ಇರುತ್ತದೆ. ಆ ಸಾಲಿಗೆ ಬರಲು ಪದವಿ ಕೇಳುವುದಿಲ್ಲ, ಕಂಪೆನಿ ಕೇಳುವುದಿಲ್ಲ. ಸಿ ಭಾಷೆ ಸ್ವಲ್ಪ ಗೊತ್ತಿದ್ದರೆ, ಸಾಧಾರಣ ಲ್ಯಾಪ್‌ಟಾಪ್ ಒಂದಿದ್ದರೆ ಮೂಲ ಪ್ರತಿ ಇಳಿಸಿ ಕಂಪೈಲ್ ಮಾಡಿ ಪರೀಕ್ಷೆ ಓಡಿಸಬಹುದು. ಸಿ ಗೊತ್ತಿಲ್ಲದವರಿಗೆ ವಿವರಣೆಯ ಪುಟಗಳ ಪ್ಯಾಚ್‌ಗಳೂ ಇವೆ. ಇವನ್ನು ಓದಿ ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳುವುದೂ ರಿವ್ಯೂವೇ. ಈ ಬಳಗದವರನ್ನು ಮುಖತಃ ಕಾಣಬೇಕೆಂದರೆ ಬೆಂಗಳೂರಿನಲ್ಲಿ ನಡೆಯುವ ಪಿಜಿಕಾನ್ಫ್ ಇಂಡಿಯಾ ಸಮ್ಮೇಳನ ಕರಾವಳಿಯವರಿಗೆ ಒಂದು ರಾತ್ರಿಯ ಬಸ್ಸಿನ ದೂರ.